ಸುಣ್ಣ ಹಚ್ಚದ ಎಲೆ

ಅವರ ಕತ್ತು ಉದ್ದ. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಮೊದಲು ಹೊಟ್ಟೆಕಿಚ್ಚು ಬಂದದ್ದು ಅದನ್ನು ನೋಡಿಯೇ. ನನ್ನ ಕತ್ತು ಹುಟ್ಟಿದಾಗಿನಿಂದ ಭುಜದೊಳಗೆ ಇಳಿದುಕೊಂಡಿದೆ. ತಾಳಿಯ ಸರ ಬಿಟ್ಟರೆ ಇನ್ನೊಂದು ಹಾಕಲು ಜಾಗವಿಲ್ಲ. ಅವರು ಏನಾದರೂ ಹೇಳುವ ಮುಂಚೆ ಎರಡು ಬೆರಳು ಎತ್ತಿ ಗಂಟಲ ಕುಳಿಯ ಹತ್ತಿರ ಇಟ್ಟುಕೊಳ್ಳುತ್ತಿದ್ದರು. ಅಲ್ಲಿ ಕತ್ತಿಗೆ ಅಂಟಿಕೊಂಡಂತೆ ಒಂದೆಳೆ ಹವಳದ ಸರ ಇರುತ್ತಿತ್ತು. ಅರವತ್ತು ದಾಟಿದ ಒಂಟಿ ಹೆಂಗಸಿಗೆ ಇದೆಂಥ ವಯ್ಯಾರ ಎಂದು ನಾನು ಉರಿದುಕೊಳ್ಳುತ್ತಿದ್ದೆ.

ಹೋದ ತಿಂಗಳು ಅವರು ತೀರಿಕೊಂಡರು. ಸತ್ತವರನ್ನು ಹೊಗಳಿ ಬರೆಯಬೇಕಂತೆ. ನನಗೆ ಬರುವುದಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು, ಸುಳ್ಳನ್ನು ಚೆನ್ನಾಗಿ ಬರೆಯುವಷ್ಟು ವಿದ್ಯೆ ಅಲ್ಲಿ ಹೇಳಿಕೊಡಲಿಲ್ಲ.

ರಾಜಾಜಿನಗರದಲ್ಲಿ ನಮ್ಮದು ಕೆಳಗೊಂದು ಮನೆ, ಮೇಲೊಂದು ಮನೆ. ನಮ್ಮ ಯಜಮಾನರು ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಲೇತ್ ಮಿಷನ್ ಮುಂದೆ ನಿಂತು ನಿಂತು ಕಟ್ಟಿಸಿದ್ದು. ಮೇಲಿನ ಮನೆ ಖಾಲಿಯಾದಾಗ ಇವರು ಬಾಡಿಗೆಗೆ ಬಂದರು. ಯಾವುದೋ ಕಾಲೇಜಿನಲ್ಲಿ ದೇಹದ ಒಳಗೆ ಏನೇನು ನಡೆಯುತ್ತದೆ ಎಂದು ಪಾಠ ಹೇಳಿ ರಿಟೈರಾದವರು. ಎಲ್ಲರೂ ಮೇಡಂ ಎನ್ನುತ್ತಿದ್ದರು. ನಾನು ಟೀಚರಮ್ಮ ಎಂದೆ. ಅವರಿಗೆ ಅದು ಅಷ್ಟು ಹಿಡಿಸಲಿಲ್ಲ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆಮೇಲೆ ಅದನ್ನೇ ಗಟ್ಟಿಯಾಗಿ ಕರೆದೆ.

ಬಂದ ವಾರದಲ್ಲೇ ಜಗಳ. ಒಬ್ಬರೇ ಇರುವ ಮನೆಗೆ ಅಷ್ಟು ನೀರು ಯಾಕೆ? ನಮ್ಮ ಬೀದಿಗೆ ಕಾವೇರಿ ನೀರು ಬಿಡುತ್ತಿದ್ದದ್ದೇ ದಿನ ಬಿಟ್ಟು ದಿನ. ಕೇಳಿಯೇಬಿಡೋಣ ಎಂದು ಮೇಲೆ ಹೋದರೆ, ಅಡುಗೆ ಮನೆಯಲ್ಲಿ ಒಂದು ಚೊಂಬು, ಪುಸ್ತಕಗಳ ಮಧ್ಯೆ ಒಂದು ಚೊಂಬು, ಹಾಸಿಗೆಯ ತಲೆದೆಸೆಯಲ್ಲಿ ಒಂದು ಚೊಂಬು. ಎಲ್ಲದರಲ್ಲೂ ಕುಡಿಯುವ ನೀರು.

"ಏನ್ ಟೀಚರಮ್ಮ, ಮನೇಲೇ ಅರವಟ್ಟಿಗೆ ಇಟ್ಟಿದೀರಾ?" ಎಂದೆ.

ಅವರು ನಕ್ಕು, ಒಂದು ಲೋಟ ತುಂಬಿಸಿ ನನ್ನ ಕೈಗೇ ಕೊಟ್ಟರು. "ಕುಡೀರಿ ಶಿವಮ್ಮ. ಮೆಟ್ಲು ಹತ್ತಿ ಬಂದಿದೀರಿ."

ಜಗಳಕ್ಕೆ ಹೋದವಳು ನೀರು ಕುಡಿದು ಬಂದೆ. ಅವರ ಜೊತೆ ಜಗಳ ಆಡುವುದು ಹೀಗೇ. ನಾವು ಕೂಗಿದರೆ ಅವರು ನೀರು ಕೊಡುತ್ತಿದ್ದರು. ತರಕಾರಿಯವಳಿಗೆ, ಪೋಸ್ಟ್‌ಮ್ಯಾನಿಗೆ, ಬೀದಿ ಗುಡಿಸುವವಳಿಗೆ, ಎಲ್ಲರಿಗೂ ಅವರ ನಮಸ್ಕಾರವೆಂದರೆ "ನೀರು ಕುಡಿದ್ರಾ?"

ಇಷ್ಟೇ ಆಗಿದ್ದರೆ ನನಗೇನೂ ಆಗುತ್ತಿರಲಿಲ್ಲ. ಆದರೆ ಸಂಜೆ ಅವರು ಕೆಳಗೆ ಇಳಿದು ಬರುತ್ತಿದ್ದರು. ನಮ್ಮ ಯಜಮಾನರು ರಿಟೈರಾದ ಮೇಲೆ ಮುಂದಿನ ವರಾಂಡದಲ್ಲಿ ಪೇಪರ್ ಹಿಡಿದು ಕೂರುತ್ತಿದ್ದರು. ಟೀಚರಮ್ಮ ಎದುರಿನ ಕುರ್ಚಿ ಎಳೆದುಕೊಳ್ಳುತ್ತಿದ್ದರು. ಇಬ್ಬರೂ ಸೇರಿ ಪೇಪರಿನ ಪದಬಂಧ ಬಿಡಿಸುತ್ತಿದ್ದರು.

"ಮೇಡಂ, ನಾಲ್ಕಕ್ಷರ. ಹರಿಯುವುದು, ಆದರೆ ನದಿಯಲ್ಲ."

"ರಕ್ತಪ್ರವಾಹ?"

"ಐದಾಯ್ತಲ್ಲ ಮೇಡಂ!"

"ಒಂದು ಮನೆ ಜಾಸ್ತಿ ಕಟ್ಟಿಸ್ಕೊಳ್ಳಿ, ಯಜಮಾನ್ರೇ. ನಿಮಗೆ ಕಟ್ಟಿಸಿ ಅಭ್ಯಾಸ ಇದ್ಯಲ್ಲ!"

ಹೋ ಎಂದು ಇಬ್ಬರೂ ನಗು. ನಮ್ಮ ಯಜಮಾನರ ದವಡೆ ಹಲ್ಲು ನಾನು ನೋಡಿದ್ದೇ ಆಗ. ಮದುವೆಯಾಗಿ ಇಷ್ಟು ವರ್ಷ, ನನ್ನ ಮಾತಿಗೆ ಅವರು ಮೂಗಿನಲ್ಲಿ ನಕ್ಕದ್ದುಂಟು, ಬಾಯಿ ತೆರೆದದ್ದಿಲ್ಲ. ಕೆಟ್ಟದ್ದೇನೂ ಇರಲಿಲ್ಲ ಎಂದು ನನಗೆ ಗೊತ್ತು. ಕೆಟ್ಟದ್ದಿದ್ದರೆ ವಾಸಿಯಿತ್ತು, ಪೊರಕೆ ಹಿಡಿದು ಓಡಿಸಬಹುದಿತ್ತು. ಪದಬಂಧಕ್ಕೆ ಪೊರಕೆ ಹಿಡಿಯುವುದು ಹೇಗೆ?

ನನ್ನ ಹತ್ತಿರ ಇದ್ದದ್ದು ಒಂದೇ. ಎಲೆಅಡಿಕೆ. ನಮ್ಮವರಿಗೆ ಎಲೆ ಮಡಿಸಿ ಕೊಡುವುದು ಮದುವೆಯಾದ ಹೊಸದರಿಂದಲೂ ನನ್ನ ಕೆಲಸ. ಊಟವಾದ ಮೇಲೆ ಅವರು ಬಲಗೈ ಬಿಚ್ಚಿ ಪಕ್ಕಕ್ಕೆ ಚಾಚುತ್ತಾರೆ. ಏನೂ ಕೇಳುವುದಿಲ್ಲ, ತಿರುಗಿ ನೋಡುವುದೂ ಇಲ್ಲ. ನಾನು ಎಲೆಯ ತೊಟ್ಟು, ತುದಿ ಚಿವುಟಿ, ಸೆರಗಿಗೆ ಒರೆಸಿ, ಬೆನ್ನ ಕಡೆ ಸುಣ್ಣ ಬಳಿದು, ಅಡಿಕೆ ಇಟ್ಟು, ಮೂರು ಮೂಲೆಯಾಗಿ ಮಡಿಸಿ ಆ ಅಂಗೈಯಲ್ಲಿ ಇಡಬೇಕು. ಸುಣ್ಣವೂ ಅಂಗಡಿಯದಲ್ಲ. ಕಲ್ಲು ತಂದು, ನೀರು ಹುಯ್ದು ಅರಳಿಸಿ, ಬಟ್ಟೆಯಲ್ಲಿ ಸೋಸಿ, ಬೆಣ್ಣೆಯ ಹಾಗೆ ಮಾಡಿಡುತ್ತಿದ್ದೆ. ಅವರಿಗೆ ಸುಣ್ಣ ಮುಂದಾಗಿರಬೇಕು. ಹೊಗೆಸೊಪ್ಪು ಮಾತ್ರ ನಮ್ಮ ಮನೆಯ ಹೊಸಿಲು ದಾಟಿಲ್ಲ, ಆ ವಿಷಯದಲ್ಲಿ ನನಗೆ ಜಂಬವೇ ಇತ್ತು.

ಪದಬಂಧ ಶುರುವಾದ ಮೇಲೆ ಸಂಜೆಗೂ ಎಲೆ ಹೋಯಿತು. ವರಾಂಡದಲ್ಲಿ ನಗು ಕೇಳಿದರೆ ನಾನು ತಟ್ಟೆ ಹಿಡಿದು ಹೊರಗೆ ಬರುತ್ತಿದ್ದೆ. ಅವರ ಕೈ ಚಾಚಿಕೊಳ್ಳುತ್ತಿತ್ತು. ಆ ಹೊತ್ತು ಪೆನ್ನು ಕೆಳಗಿಡಲೇಬೇಕು.

"ಟೀಚರಮ್ಮ, ನಿಮಗೂ ಒಂದು ಮಡಿಸ್ಲಾ?"

"ಬೇಡಿ ಶಿವಮ್ಮ, ನನಗೆ ಸುಣ್ಣ ಆಗಲ್ಲ" ಎಂದು ಬೆರಳು ಗಂಟಲಿಗೆ ಹೋಗುತ್ತಿತ್ತು. ನಮ್ಮ ಮನೆಯ ಎಲೆ ಬೇಡ ಎಂದವರು ಅವರೊಬ್ಬರೇ. ಅದನ್ನೂ ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಇದಕ್ಕೆ ಮುಂಚಿನಿಂದಲೂ ಯಜಮಾನರು ಬಿಪಿಗೆ ನೀರಿನ ಮಾತ್ರೆ ನುಂಗುತ್ತಿದ್ದರು, ಮೈಯ ನೀರನ್ನು ಇಳಿಸುತ್ತದಲ್ಲ, ಅದು. ಆ ವರ್ಷ ಸೊಂಟ ಹಿಡಿದುಕೊಂಡಿತು. ಮಗ ಮಹೇಶ ಬಸವೇಶ್ವರನಗರದಲ್ಲಿದ್ದ ಒಬ್ಬ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಬಿಳಿ ಮಾತ್ರೆ ಕೊಟ್ಟರು, ಹಾಲಿಗೆ ಹಾಕಿ ಕುಡಿಯಲು ಒಂದು ಪುಡಿ ಕೊಟ್ಟರು. ಮೂಳೆ ಗಟ್ಟಿಯಾಗುತ್ತದಂತೆ. "ಬೀಡಿ, ಸಿಗರೇಟು, ಹೊಗೆಸೊಪ್ಪು ಏನಾದ್ರೂ ಇದ್ಯಾ?" ಎಂದು ಕೇಳಿದರು. "ಒಂದೂ ಇಲ್ಲ ಡಾಕ್ಟ್ರೇ" ಎಂದು ನಾನೇ ಮುಂದೆ ಬಂದು ಹೇಳಿದೆ. ಎಲೆಅಡಿಕೆ ಚಟವಲ್ಲವಲ್ಲ. ದೇವರ ಮುಂದೆ ಇಡುವುದು, ಮದುವೆಗೆ ಕರೆಯುವಾಗ ಕೊಡುವುದು. ಅದನ್ನು ಡಾಕ್ಟರ ಮುಂದೆ ಯಾರು ಹೇಳುತ್ತಾರೆ?

ಕೆಲವು ವಾರ ಕಳೆಯುವಷ್ಟರಲ್ಲಿ ಯಜಮಾನರು ಮಂಕಾದರು. ಎಷ್ಟು ನೀರು ಕುಡಿದರೂ ಬಾಯಾರಿಕೆ, ಮತ್ತೆ ಮತ್ತೆ ಬಚ್ಚಲಿಗೆ ಓಡಾಟ. ಊಟ ಸೇರದು, ಹೊಟ್ಟೆ ಕಟ್ಟಿತು. ಪೇಪರ್ ತಲೆಕೆಳಗಾಗಿ ಹಿಡಿದುಕೊಂಡು ಕೂತಿದ್ದರು ಒಮ್ಮೆ. ವಯಸ್ಸಾಯಿತು ಎಂದ ಮಗ. ನಾನು ಬೇರೆಯೇ ಅಂದುಕೊಂಡಿದ್ದೆ. ಆ ವಾರ ಟೀಚರಮ್ಮ ನಂದಿನಿ ಲೇಔಟಿನ ತಂಗಿ ಮನೆಗೆ ಹೋಗಿದ್ದರು, ಅದಕ್ಕೇ ಇವರಿಗೆ ಮಂಕು ಕವಿದಿದೆ ಎಂದು.

ಒಂದು ಮಧ್ಯಾಹ್ನ ಊಟವಾಯಿತು. ಕೈ ಚಾಚಲಿಲ್ಲ. ನಾನೇ ಎಲೆ ಮಡಿಸಿ, ಅವರ ಅಂಗೈ ಬಿಡಿಸಿ ಇಟ್ಟೆ. ಅವರು ಅದನ್ನು ನೋಡಿದರು, ನನ್ನ ಮುಖ ನೋಡಿದರು. ಬೇರೆ ಮನೆಗೆ ಹೋದಾಗ ಕಾಫಿ ತಂದುಕೊಟ್ಟವರಿಗೆ ನಗುತ್ತಾರಲ್ಲ, ಹಾಗೆ ನಕ್ಕು ಹೇಳಿದರು:

"ಥ್ಯಾಂಕ್ಸ್ ಮೇಡಂ."

ನನ್ನ ತಲೆ ಕಾದ ಹೆಂಚಾಯಿತು. ಅಷ್ಟರಲ್ಲಿ ಗೇಟಿನ ಸದ್ದು. ಟೀಚರಮ್ಮ ತಂಗಿ ಮನೆಯಿಂದ ವಾಪಸ್ ಬಂದು ಮೆಟ್ಟಿಲು ಹತ್ತುತ್ತಿದ್ದರು. ಚಪ್ಪಲಿ ಇಲ್ಲದೆ ಹಿಂದೆಯೇ ಓಡಿದೆ.

"ಏನ್ ಮಾಡಿದೀರಾ ನಮ್ಮ ಯಜಮಾನರಿಗೆ? ನನ್ನೇ ಮೇಡಂ ಅಂತಾರೆ! ಹೆಂಡ್ತಿ ಗುರ್ತು ಸಿಗದಷ್ಟು ತಲೆ ತುಂಬಿದೀರಲ್ಲ, ಸಾಕಾಯ್ತಾ ಈಗ?"

ಅವರು ಬ್ಯಾಗು ಮೆಟ್ಟಿಲ ಮೇಲೇ ಇಟ್ಟರು. ಈ ಸಲ ನೀರು ಕೊಡಲಿಲ್ಲ.

"ಗುರ್ತು ಸಿಗ್ಲಿಲ್ವಾ? ನಿಮ್ಮನ್ನ?"

"ನನ್ನನ್ನೇ!"

"ಬಾಯಾರಿಕೆ ಜಾಸ್ತಿ ಇದ್ಯಾ? ಹೊಟ್ಟೆ ಸರಿಯಾಗಿ ಹೋಗ್ತಿದ್ಯಾ?"

ನಾನು ಸಂಸಾರ ಹಾಳಾಯಿತು ಎಂದು ಅಳುತ್ತಿದ್ದರೆ ಈಕೆ ನನ್ನ ಗಂಡನ ಕಕ್ಕಸಿನ ವಿಚಾರ ಕೇಳುತ್ತಾರೆ! "ಅದೂ ಬೇಕಾ ನಿಮಗೆ?" ಎಂದೆ. ಅವರು ನನ್ನನ್ನು ಪಕ್ಕಕ್ಕೆ ಸರಿಸಿ ಕೆಳಗಿಳಿದರು. ಅಷ್ಟು ಬೇಗ ಅವರು ಮೆಟ್ಟಿಲು ಇಳಿದದ್ದು ನಾನು ಅದೇ ಮೊದಲು, ಅದೇ ಕೊನೆ ಕಂಡದ್ದು. ಯಜಮಾನರ ನಾಲಿಗೆ ನೋಡಿದರು. ಕಿಟಕಿಯಲ್ಲಿದ್ದ ಮಾತ್ರೆ ಒಂದೊಂದನ್ನೇ ಬೆಳಕಿಗೆ ಹಿಡಿದು ಓದಿದರು. ಆಮೇಲೆ ಅವರ ಕಣ್ಣು ನನ್ನ ಎಲೆ ತಟ್ಟೆಯ ಮೇಲೆ ನಿಂತಿತು. ಸುಣ್ಣದ ಕುಡಿಕೆ ಎತ್ತಿ ನೋಡಿದರು. ತಳ ಕಾಣುತ್ತಿತ್ತು.

"ಇದನ್ನ ಯಾವಾಗ ತುಂಬಿಸಿದ್ರಿ?"

"ಮೊನ್ನೆ."

"ಶಿವಮ್ಮ, ಮಹೇಶಂಗೆ ಫೋನ್ ಮಾಡಿ. ಆಟೋ ಕರೀರಿ. ಈ ಮಾತ್ರೆ ಎಲ್ಲ ತಗೊಳ್ಳಿ, ಈ ಕುಡಿಕೇನೂ ತಗೊಳ್ಳಿ."

ಆಸ್ಪತ್ರೆಗೆ ಸುಣ್ಣದ ಕುಡಿಕೆ ತೆಗೆದುಕೊಂಡು ಹೋದವಳು ನಾನೊಬ್ಬಳೇ ಇರಬೇಕು. ರಕ್ತ ತೆಗೆದರು. ಅದರಲ್ಲಿ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ಮಿತಿ ಮೀರಿದೆ ಎಂದರು. ಡಾಕ್ಟರು ಚಿಕ್ಕ ವಯಸ್ಸಿನವರು, ಕುಡಿಕೆ ನೋಡಿ ಬೈಯಲಿಲ್ಲ. "ಅಜ್ಜಿ, ಇದನ್ನ ತಂದಿದ್ದು ಒಳ್ಳೇದಾಯ್ತು. ಹೃದಯಕ್ಕೆ ಏಟು ಬೀಳೋದ್ರೊಳಗೆ ಇಳಿಸ್ಬೇಕು" ಎಂದು ಸಲೈನ್ ಏರಿಸಿದರು. ಮಾತ್ರೆ, ಪುಡಿ ಎಲ್ಲ ನಿಲ್ಲಿಸಿದರು.

ಹೊರಗೆ ಬೆಂಚಿನ ಮೇಲೆ ನಾನು, ಟೀಚರಮ್ಮ. ಇಬ್ಬರ ಮಧ್ಯೆ ಕುಡಿಕೆ.

"ಸುಣ್ಣಕ್ಕೂ ತಲೆಗೂ ಏನು ಸಂಬಂಧ?" ಎಂದೆ.

ಅವರು ಬೆರಳು ಗಂಟಲಿಗೆ ಇಟ್ಟುಕೊಂಡರು. "ನೀವು ರಾಗಿ ಕೇರೋದನ್ನ ನಾನು ಮೇಲಿಂದ ನೋಡ್ತಿರ್ತೀನಿ. ಹೊಟ್ಟಿನ ಜೊತೆ ಒಂದಷ್ಟು ಕಾಳೂ ಕೆಳಗೆ ಬೀಳುತ್ತೆ ಅಲ್ವಾ? ಏನ್ ಮಾಡ್ತೀರಿ?"

"ಆರಿಸ್ಕೊಂಡು ಮೊರಕ್ಕೆ ಹಾಕ್ತೀನಿ. ಇನ್ನೇನು ಬಿಸಾಕ್ತಾರಾ?"

"ಕಿಡ್ನಿ ಮಾಡೋದೂ ಅದೇ. ರಕ್ತದಲ್ಲಿ ಕರಗಿರೋ ಬಹಳಷ್ಟನ್ನ ಮೊದ್ಲು ಹೊರಗೆ ಚೆಲ್ಲುತ್ತೆ. ಆಮೇಲೆ ಬೇಕಾದ್ದನ್ನ ಆರಿಸಿ ವಾಪಸ್ ತಗೊಳ್ಳುತ್ತೆ. ಸುಣ್ಣದ ಅಂಶ ಎಷ್ಟು ವಾಪಸ್ ಬೇಕು ಅಂತ ಹೇಳೋರು ಇಲ್ಲಿದಾರೆ, ಕತ್ತಲ್ಲಿ. ಕಾಳಿನಷ್ಟು ಇರೋ ನಾಕು ಗ್ರಂಥಿ. ರಕ್ತದಲ್ಲಿ ಸುಣ್ಣ ಕಮ್ಮಿ ಆದ್ರೆ ಅವು ಒಂದು ಹಾರ್ಮೋನು ಬಿಡ್ತವೆ. ಅದು ಹೋಗಿ ಕಿಡ್ನಿಗೆ ಮುಟ್ಟಿದ್ರೆ ಅಲ್ಲಿರೋ ಕಣ್ಣಿಗೆ ಕಾಣದ ಬಾಗ್ಲುಗಳು ತೆಕ್ಕೊಳ್ತವೆ. ಹೊರಗೆ ಹೋಗ್ತಿದ್ದ ಸುಣ್ಣ ಒಳಗೆ ಬರುತ್ತೆ. ಸಾಕಾದ್ರೆ ಗ್ರಂಥಿ ಸುಮ್ನಾಗ್ತವೆ, ಮಿಕ್ಕಿದ್ದು ಮೂತ್ರದಲ್ಲಿ ಹೋಗುತ್ತೆ."

"ಮತ್ತೆ ನಮ್ಮವರಿಗೆ ಯಾಕೆ ಹೋಗ್ಲಿಲ್ಲ?"

"ಗ್ರಂಥಿ ಸುಮ್ನಾಗೇ ಇರ್ತವೆ. ಆದ್ರೆ ಬಿಪಿ ಮಾತ್ರೆ ನೀರನ್ನ ಹೊರಗೆ ಹಾಕಿ, ಸುಣ್ಣನ ಒಳಗೇ ಉಳಿಸುತ್ತೆ. ಮೂಳೆಗೆ ಕೊಟ್ಟ ಪುಡಿ ಹೊಟ್ಟೆಯಿಂದ ಇನ್ನಷ್ಟು ಸುಣ್ಣ ಎಳ್ಕೊಳ್ಳುತ್ತೆ. ಬಿಳಿ ಮಾತ್ರೆಯೂ ಸುಣ್ಣಾನೇ. ಅದರ ಮೇಲೆ ನಿಮ್ಮೆಲೆ. ಎಲೆ ಸುಣ್ಣ ಕ್ಷಾರ ಬೇರೆ, ಮೈಯಲ್ಲಿ ಕ್ಷಾರ ಏರಿದ್ರೆ ಆ ಬಾಗ್ಲು ಸರಿಯಾಗಿ ಮುಚ್ಚೋದೇ ಇಲ್ಲ. ಅಷ್ಟು ಸುಣ್ಣ ತುಂಬ್ಕೊಂಡ್ರೆ ಮಿದುಳಿಗೂ ಮಂಕು ಹಿಡಿಯುತ್ತೆ."

"ಅಂದ್ರೆ ನಾನೇ ವಿಷ ಹಾಕ್ದೆ ಅಂತೀರಾ?"

"ನೀವು ಎಲೆ ಕೊಟ್ರಿ. ಒಬ್ಬ ಡಾಕ್ಟ್ರು ಮಾತ್ರೆ ಕೊಟ್ರು, ಇನ್ನೊಬ್ರು ಪುಡಿ ಕೊಟ್ರು. ಯಾರು ಏನು ಕೊಟ್ರು ಅಂತ ಇನ್ನೊಬ್ರಿಗೆ ಗೊತ್ತಿರ್ಲಿಲ್ಲ. ಅಷ್ಟೇ."

ಮಾತು ಸರಿಯಾಗೇ ಇತ್ತು. ಅದೇ ನನಗೆ ಆಗದ್ದು. ಬೈದಿದ್ದರೆ ನಾನೂ ಬೈಯಬಹುದಿತ್ತು. "ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು? ಪುಸ್ತಕದಲ್ಲಿ ಓದಿದ್ರಾ?" ಎಂದು ಚುಚ್ಚಿದೆ.

ಅವರು ಹವಳದ ಸರವನ್ನು ಬೆರಳಿನಿಂದ ಮೇಲೆತ್ತಿದರು. ಅದರ ಕೆಳಗೆ ಕತ್ತಿಗೆ ಅಡ್ಡವಾಗಿ ಒಂದು ಬಿಳಿ ಗೆರೆ, ಹೊಲಿಗೆ ಹಾಕಿದ್ದು.

"ನನ್ನ ನಾಕರಲ್ಲಿ ಒಂದು ಊದ್ಕೊಂಡು, ಸುಮ್ನಾಗೋದನ್ನೇ ಮರೆತಿತ್ತು. ಮೂಳೆಯಿಂದ ಕರಗಿಸಿ ಕರಗಿಸಿ ರಕ್ತಕ್ಕೆ ಹಾಕ್ತಿತ್ತು. ಕಿಡ್ನಿಯಲ್ಲಿ ಕಲ್ಲು, ತಲೆಗೆ ಮಂಕು. ಇದೇ ಪಾಠ ನಾನು ಬೋರ್ಡಲ್ಲಿ ಚಿತ್ರ ಬರೆದು ಹೇಳ್ತಿದ್ದೆ ಶಿವಮ್ಮ. ಕ್ಲಾಸಲ್ಲಿ ಮಾತು ಮರೆತು ನಿಂತ್ಬಿಡ್ತಿದ್ದೆ, ಹುಡುಗರು ನಗೋರು. ನನ್ನ ಕತ್ತಲ್ಲೇ ಇದೆ ಅಂತ ನನಗೇ ಹೊಳೀಲಿಲ್ಲ."

ಹಾಗಾದರೆ ಆ ಚೊಂಬುಗಳು ಅದಕ್ಕೆ. ಎಲೆ ಬೇಡ ಎಂದದ್ದೂ ಅದಕ್ಕೆ. ಪಾಪ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ, ಸ್ವಲ್ಪ. ಅದಕ್ಕಿಂತ ಹೆಚ್ಚಾಗಿ ಅನ್ನಿಸಿದ್ದು, ಗಾಯದ ಗೆರೆ ಕೂಡ ಈಕೆಯ ಕತ್ತಿಗೆ ಎಷ್ಟು ಒಪ್ಪುತ್ತದಲ್ಲ ಎಂದು.

ಸಲೈನ್ ಇಳಿಯುತ್ತಾ ಹೋಯಿತು, ಯಜಮಾನರು ಮಲಗಿಯೇ ಇದ್ದರು. ಕಣ್ಣು ಬಿಟ್ಟರೆ ಸೂರು ನೋಡುತ್ತಿದ್ದರು. ಹುಷಾರಾದ ಮೇಲೆ ಇವರಿಗೆ ಯಾರ ಹೆಸರು ಮೊದಲು ಬರುತ್ತದೆ ಎಂಬ ಒಂದೇ ಯೋಚನೆ ನನ್ನನ್ನು ತಿನ್ನುತ್ತಿತ್ತು. ಬದುಕಲಿ ಎಂದು ಬೇಡಿಕೊಳ್ಳುತ್ತಿದ್ದೆ, ಅದರ ಬೆನ್ನಿಗೇ ಇದನ್ನೂ ಬೇಡಿಕೊಳ್ಳುತ್ತಿದ್ದೆ. ಟೀಚರಮ್ಮ ದಿನಾ ಬರುತ್ತಿದ್ದರು. ಬರಬೇಡಿ ಎನ್ನಲು ಬಾಯಿ ಎಲ್ಲಿತ್ತು ನನಗೆ? ಮಂಚದ ಆ ಕಡೆ ಸ್ಟೂಲಿನ ಮೇಲೆ ಅವರು, ಈ ಕಡೆ ನಾನು.

ಒಂದು ಮಧ್ಯಾಹ್ನ ಗಂಜಿ ಕುಡಿಸಿ ಬಾಯಿ ಒರೆಸಿದೆ. ಕಣ್ಣು ಮುಚ್ಚಿಯೇ ಇತ್ತು. ಬಲಗೈ ಮಾತ್ರ ನಿಧಾನವಾಗಿ ಹೊದಿಕೆಯಿಂದ ಈಚೆಗೆ ಬಂತು. ಅಂಗೈ ಮೇಲಾಯಿತು, ಬೆರಳು ಬಿಚ್ಚಿಕೊಂಡಿತು. ಈ ಕಡೆಗೆ.

"ಶಿವೀ, ಎಲೆ ಎಲ್ಲೇ?"

ನನ್ನನ್ನು ಹಾಗೆ ಕರೆಯುವವರು ಈ ಭೂಮಿಯ ಮೇಲೆ ಒಬ್ಬರೇ. ನಾನು ಟೀಚರಮ್ಮನ ಕಡೆ ನೋಡಿದೆ. ಕೇಳಿಸಿತೇ ಎಂದು ಖಾತ್ರಿ ಮಾಡಿಕೊಳ್ಳಬೇಕಿತ್ತು ನನಗೆ. ಅವರು ಕಿಟಕಿಯ ಕಡೆ ತಿರುಗಿ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ಎಲೆ ಇಲ್ಲ, ಏನೂ ಇಲ್ಲ. ಸುಮ್ನೆ ಮಲಕ್ಕೊಳ್ಳಿ" ಎಂದು ಆ ಕೈಯನ್ನು ಹೊದಿಕೆಯೊಳಗೆ ತುರುಕಿದೆ.

ಮನೆಗೆ ಬಂದ ಮೇಲೆ ಸುಣ್ಣದ ಕುಡಿಕೆ ಹೊರಗೆ ಹೋಯಿತು. ಆದರೆ ಚಾಚುವ ಕೈಗೆ ಏನಾದರೂ ಕೊಡಬೇಕಲ್ಲ. ಬರೀ ಎಲೆಗೆ ಚೂರೇ ಚೂರು ಅಡಿಕೆ ಇಟ್ಟು ಮಡಿಸಿದೆ. ಅಗಿದು ಮುಖ ಸಿಂಡರಿಸಿದರು. "ಇದೇನೇ, ಸೊಪ್ಪು ತಿಂದ ಹಾಗಿದೆ, ಬಾಯೇ ಕೆಂಪಾಗಲ್ಲ!"

"ಬಾಯಿ ಕೆಂಪಾಗಿ ಯಾರಿಗೆ ತೋರಿಸ್ಬೇಕು? ಅಗೀರಿ."

ವರಾಂಡದಲ್ಲಿ ಟೀಚರಮ್ಮ ನಕ್ಕರು. ಆಮೇಲೆ, ಅಷ್ಟು ವರ್ಷಕ್ಕೆ ಮೊದಲ ಸಲ, ಕೈ ಮುಂದೆ ಮಾಡಿ ಹೇಳಿದರು: "ಈಗ ನನಗೂ ಒಂದು ಕೊಡಿ ಶಿವಮ್ಮ. ಸುಣ್ಣ ಇಲ್ವಲ್ಲ."

ನನ್ನ ಗಂಡನನ್ನು ಉಳಿಸಿಕೊಟ್ಟ ಹೆಂಗಸು. ಕೊಡದೆ ಇರಲಾಗುತ್ತದೆಯೇ? ಒಳ್ಳೆಯ ಎಲೆಯನ್ನೇ ಆರಿಸಿ, ತೊಟ್ಟು ಚಿವುಟಿ, ಒರೆಸಿ, ಪಕ್ಕದಲ್ಲಿ ಅಡಿಕೆ ಇಟ್ಟು, ತಟ್ಟೆಯನ್ನೇ ಅವರ ಮುಂದೆ ತಳ್ಳಿದೆ.

"ಮಡಿಸಿ ಕೊಡಲ್ವಾ?"

"ಮಡಿಸಿ ಕೊಡೋದು ಒಬ್ರಿಗೇ."

ಅವರು ನನ್ನನ್ನು ನೋಡಿದರು, ಯಜಮಾನರನ್ನು ನೋಡಿದರು, ತಾವೇ ಮಡಿಸಿಕೊಂಡರು. ವಕ್ರವಕ್ರವಾಗಿ, ಅಡಿಕೆ ಒಂದು ಕಡೆಯಿಂದ ಉದುರುತ್ತಿತ್ತು. ಅವರಿಗೆ ಬಾರದ ಕೆಲಸವೊಂದನ್ನು ನಾನು ಕೊನೆಗೂ ಕಂಡುಹಿಡಿದಿದ್ದೆ. ಅಲ್ಲಿಂದ ಮುಂದೆ ದಿನಾ ಸಂಜೆ ಒಂದು ಎಲೆ ಕೇಳಿದರು, ದಿನಾ ನಾನು ಬಿಚ್ಚಿದ ಎಲೆಯನ್ನೇ ಕೊಟ್ಟೆ. ಕಲಿಸಿಕೊಡಿ ಎಂದೂ ಕೇಳಿದರು. ಕಲಿಸಲಿಲ್ಲ.

ಮೆಟ್ರೊ ಕೆಲಸಕ್ಕೆಂದು ರಸ್ತೆಯೆಲ್ಲ ಅಗೆಯಲು ಶುರುಮಾಡಿದ ಕಾಲಕ್ಕೆ ಅವರು ನಂದಿನಿ ಲೇಔಟಿಗೆ, ತಂಗಿ ಮನೆಗೆ ಹೋಗಿಬಿಟ್ಟರು. ಮೊದಲೇ ಕರಗಿದ್ದ ಮೂಳೆ, ಬಚ್ಚಲಲ್ಲಿ ಕಾಲು ಜಾರಿ ಸೊಂಟ ಮುರಿಯಿತು. ಮತ್ತೆ ಏಳಲಿಲ್ಲ.

ಸುದ್ದಿ ಬಂದಾಗ ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ನನ್ನ ತಮ್ಮ ಹೋದಾಗ ಹಾಕಿಕೊಂಡಿರಲಿಲ್ಲ. ಅಲ್ಲಿ ಹೆಣದ ಕಾಲ ಹತ್ತಿರ ನಿಂತು ಮಗುವಿನ ಹಾಗೆ ಅತ್ತರು. ನಾನು ಸತ್ತರೆ ಹೀಗೆ ಅಳುತ್ತಾರೋ ಇಲ್ಲವೋ, ಅಳುವಾಗ ನೋಡಲು ನಾನು ಇರುವುದಿಲ್ಲ. ಟೀಚರಮ್ಮನೂ ನೋಡುತ್ತಿರಲಿಲ್ಲ, ಅಷ್ಟೇ ಸಮಾಧಾನ. ಹವಳದ ಸರ ತೆಗೆದಿದ್ದರು. ಬಿಳಿ ಗೆರೆ ಎಲ್ಲರಿಗೂ ಕಾಣುತ್ತಿತ್ತು. ನನಗೆ ಅದು ಸರಿಬರಲಿಲ್ಲ, ಸೆರಗು ಎಳೆದು ಮುಚ್ಚಿದೆ.

ಅವರ ಕಡೆ ಪದ್ಧತಿಯಂತೆ, ಎತ್ತುವ ಮುಂಚೆ ಎಲೆಅಡಿಕೆ ಕುಟ್ಟಿ ಬಾಯಿಗೆ ಇಡಬೇಕು. ತಂಗಿ ತನ್ನಿಂದಾಗದು ಎಂದು ಎಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಅಜ್ಜಿ, ನೀವು ಹಿರೀರು, ನೀವೇ ಕುಟ್ಕೊಡಿ" ಎಂದು ಯಾರೋ ಕುಟ್ಟಾಣಿ ತಂದು ನನ್ನ ಮುಂದೆ ಇಟ್ಟರು. ತೊಟ್ಟು ಚಿವುಟಿದೆ, ತುದಿ ಚಿವುಟಿದೆ, ಸೆರಗಿಗೆ ಒರೆಸಿದೆ. ಪಕ್ಕದಲ್ಲಿದ್ದವಳು ಬೆರಳಿನಲ್ಲಿ ಸುಣ್ಣ ತೆಗೆದುಕೊಂಡು ಎಲೆಗೆ ಬಳಿಯಲು ಬಂದಳು. ಅವಳ ಕೈ ಮೇಲೆ ಒಂದು ಬಿಟ್ಟೆ.

"ಅಯ್ಯೋ, ಯಾಕಜ್ಜಿ?"

"ಅವರಿಗೆ ಸುಣ್ಣ ಆಗಲ್ಲ."

"ಸತ್ತೋರಿಗೆ ಇನ್ನೇನಾಗುತ್ತೆ?"

"ಆಗಲ್ಲ ಅಂದ್ನಲ್ಲ, ತೆಗಿ ಕೈ!"

ಬರೀ ಎಲೆ, ಚೂರು ಅಡಿಕೆ. ಕುಟ್ಟಿ ನುಣ್ಣಗೆ ಮಾಡಿ ಕೊಟ್ಟೆ. ಕುಟ್ಟುವ ಎಲೆಯನ್ನು ಮಡಿಸಬೇಕಾಗಿಲ್ಲ.